ಬೋರ್ಡ್ ಸತ್ತಿಲ್ಲ ಮಾರಾಯ್ರೇ, ಮಾತಾಡ್ತಾ ಉಂಟು

ನಮಸ್ಕಾರ, ಬದಿಯಡ್ಕದಿಂದ.

ಇದು ರಾಸ್ಪ್‌ಬೆರಿ ಪೈ 4, ಒಂದು ಪುಟ್ಟ ಕಂಪ್ಯೂಟರ್ ಬೋರ್ಡ್. ಅಡಿಕೆ ತೋಟದ ಪಂಪ್ ನೋಡಿಕೊಳ್ಳುವುದಕ್ಕೆ ಇಟ್ಟದ್ದು. ಹೊಸ ಸೆನ್ಸರ್ ಬಂತು, ಅದನ್ನು ನಡೆಸುವ ಪ್ರೋಗ್ರಾಂ, ಅಂದ್ರೆ ಡ್ರೈವರ್, ಇರುವ ಹೊಸ ಕರ್ನಲ್ (ಲಿನಕ್ಸ್‌ನ ತಿರುಳು) ಬಿಲ್ಡ್ ಮಾಡಿ ಹಾಕಿದೆ. ಈಗ ಪರದೆ ನೋಡಿ. ಕಾಮನಬಿಲ್ಲಿನ ಬಣ್ಣದ ಚೌಕ ಬಂತು. ಆಮೇಲೆ ಕಪ್ಪು.

"ಎಂತ ಭಾವ, ಬೋರ್ಡ್ ಹೋಯ್ತಾ?" ಅಂತ ಭಾವ ಕೇಳ್ತಿದ್ದಾರೆ. ಹೋಗಿಲ್ಲ. ಆ ಬಣ್ಣ ತೋರಿಸುವುದು ಫರ್ಮ್‌ವೇರ್, ಕರ್ನಲ್‌ಗಿಂತ ಮೊದಲು ಓಡುವ ಪ್ರೋಗ್ರಾಂ. ಅದು ಬಂತು ಅಂದ್ರೆ ಬೋರ್ಡ್‌ಗೆ ಜೀವ ಉಂಟು.

ಲಿನಕ್ಸ್ ನಮ್ಮ ಕಾಸರಗೋಡಿಗೆ ಹೊಸತಲ್ಲ ಅಲ್ವಾ? ಕೇರಳದ ಸರಕಾರಿ ಶಾಲೆಯ ಐಟಿ ಲ್ಯಾಬ್‌ನಲ್ಲಿ ಅದೇ, ಕನ್ನಡ ಮೀಡಿಯಂ ಮಕ್ಕಳೂ ಅದರಲ್ಲೇ ಕಲಿಯುವುದು. ಆದರೆ ಅದು ಡೆಸ್ಕ್‌ಟಾಪ್ ಬಂದ ಮೇಲಿನ ಕಥೆ. ಇವತ್ತಿನದು ಅದಕ್ಕೂ ಮುಂಚಿನ ಒಂದೆರಡು ಸೆಕೆಂಡಿನದು.

ಕರ್ನಲ್ ಶುರುವಿನಿಂದಲೇ ಲಾಗ್ (ಏನೇನಾಯ್ತು ಅನ್ನುವ ದಾಖಲೆ) ಬರೆಯುತ್ತದೆ. ಆದರೆ ಅದನ್ನು ಹೊರಗೆ ತೋರಿಸುವ ಕನ್ಸೋಲ್ ಡ್ರೈವರ್ ಎದ್ದಿರುವುದಿಲ್ಲ. ಬರೆದದ್ದೆಲ್ಲ ಮೆಮೊರಿಯಲ್ಲೇ ಉಳಿಯುತ್ತದೆ. ಹಾಗಾಗಿ ಕೋಡ್ ಮುಟ್ಟುವ ಮೊದಲು ಆ ಲಾಗ್ ಕಾಣಬೇಕು. ಕಣ್ಣು ಮುಚ್ಚಿ ಡ್ರೈವರ್ ತೆಗೆದು, ಹಾಕಿ ನೋಡುವುದೆಲ್ಲ ಸುಮ್ನೆ ಟೈಮ್ ವೇಸ್ಟ್.

ಯುಎಸ್‌ಬಿ ಸೀರಿಯಲ್ ಕೇಬಲ್ ತಗೊಳ್ಳಿ, 3.3 ವೋಲ್ಟ್‌ನದ್ದೇ ಬೇಕು. 5 ವೋಲ್ಟ್ ಕೊಟ್ಟರೆ ಪಿನ್ ಸುಟ್ಟೀತು. 6ನೇ ಪಿನ್ ಗ್ರೌಂಡ್. ಬೋರ್ಡ್ ಕಳಿಸುವುದು 8ರಲ್ಲಿ, ಕೇಳುವುದು 10ರಲ್ಲಿ. ಕೇಬಲಿನ ಟಿಎಕ್ಸ್ (ಕಳಿಸುವ ತಂತಿ), ಆರ್‌ಎಕ್ಸ್ (ಕೇಳುವ ತಂತಿ) ಅದಲು ಬದಲು ಹಾಕಿ. ಕಾನ್ಫಿಗ್ ಫೈಲಿನಲ್ಲಿ ಯುಎಆರ್‌ಟಿ (ಬೋರ್ಡಿನ ಸೀರಿಯಲ್ ಪೋರ್ಟ್) ಆನ್ ಮಾಡಿ, ಕರ್ನಲ್ ಕಮಾಂಡ್ ಲೈನ್‌ಗೆ ಅರ್ಲಿಕಾನ್ (earlycon) ಸೇರಿಸಿ, ಕನ್ಸೋಲ್ ಡ್ರೈವರ್ ಏಳುವ ಮೊದಲೇ ಲಾಗ್ ಹೊರಗೆ ಬರಲಿಕ್ಕೆ. ಲ್ಯಾಪ್‌ಟಾಪ್‌ನಲ್ಲಿ ಸ್ಪೀಡ್ 115200.

ಈಗ ಪವರ್ ಕೊಡ್ತೇನೆ. ನೋಡಿ, ನೋಡಿ! ಎಷ್ಟು ಮಾತು!

ಕೊನೆಯ ಸಾಲಲ್ಲಿ 'ಕರ್ನಲ್ ಪ್ಯಾನಿಕ್, ಅಟೆಂಪ್ಟೆಡ್ ಟು ಕಿಲ್ ಇನಿಟ್' ಅಂತ ಉಂಟು. ಜಾಸ್ತಿ ಜನ ಇದನ್ನೇ ಕಾಪಿ ಮಾಡಿ ಹುಡುಕುತ್ತಾರೆ. ಇದರಿಂದ ಎಂತದೂ ಸಿಗುವುದಿಲ್ಲ. ಕರ್ನಲ್ ಒಳಗೇ ಇರುವ ಡ್ರೈವರ್‌ಗಳು ಸಾಮಾನ್ಯವಾಗಿ ಪ್ರೋಬ್ ಆಗುವುದು, ಅಂದ್ರೆ ತಮ್ಮ ಸಾಧನವನ್ನು ಎಬ್ಬಿಸುವುದು, 1ನೇ ಪ್ರೋಸೆಸ್‌ನಲ್ಲೇ; ಇನಿಟ್ ಅಂದ್ರೆ ಅದೇ. ಅಲ್ಲಿ ಯಾವ ಡ್ರೈವರ್ ಬಿದ್ದರೂ ಇದೇ ಸಾಲು. ಮೇಲಕ್ಕೆ ಹೋಗಿ, ಮೊದಲ ದೂರು ಹುಡುಕಿ.

ಇಗೊಳ್ಳಿ: ನಲ್ ಪಾಯಿಂಟರ್ (ಯಾವ ಡೇಟಾವನ್ನೂ ತೋರಿಸದ ಖಾಲಿ ವಿಳಾಸ), ಓದಲು ಹೋದ ವಿಳಾಸ ಹೆಕ್ಸ್‌ನಲ್ಲಿ 10. ಅಂದ್ರೆ 16. ಸೊನ್ನೆ ಅಲ್ಲ, ಗಮನಿಸಿ. ಪಾಯಿಂಟರ್ ಸೊನ್ನೆ, ಅದನ್ನು ನಂಬಿ ಸ್ಟ್ರಕ್ಚರ್‌ನ (ಡೇಟಾ ಕಟ್ಟಿನ) 16ನೇ ಬೈಟಿನಲ್ಲಿರುವ ಫೀಲ್ಡ್ ಓದಲು ಹೋಗಿದೆ. ಕೆಳಗೆ ಪಿಸಿ (ಪ್ರೋಗ್ರಾಂ ಕೌಂಟರ್, ಕೋಡ್ ಬಿದ್ದ ಜಾಗ) ಸಾಲಿನಲ್ಲಿ ಸೆನ್ಸರ್ ಡ್ರೈವರ್‌ನ ಪ್ರೋಬ್ ಫಂಕ್ಷನ್ ಹೆಸರು, ಪ್ಲಸ್ ಒಂದು ಸಂಖ್ಯೆ. ಡೀಬಗ್ ಮಾಹಿತಿ ಇರುವ ವಿಎಂಲಿನಕ್ಸ್ (ಬಿಲ್ಡ್‌ನಲ್ಲಿ ಬರುವ ಕರ್ನಲ್ ಫೈಲ್) ಜೊತೆ ಅದನ್ನು ಎಫ್‌ಆಡರ್2ಲೈನ್ (faddr2line) ಸ್ಕ್ರಿಪ್ಟ್‌ಗೆ ಕೊಟ್ಟರೆ ಸೋರ್ಸ್ ಫೈಲಿನ ಸಾಲೇ ಸಿಕ್ಕಿತು.

ಡ್ರೈವರ್ ಬರೆದವರು ಹೊಸ ಸೆನ್ಸರ್ ಹೆಸರನ್ನು ಮ್ಯಾಚ್ ಟೇಬಲ್‌ಗೆ (ಡ್ರೈವರ್ ನಡೆಸುವ ಸಾಧನಗಳ ಪಟ್ಟಿಗೆ) ಸೇರಿಸಿದ್ದಾರೆ, ಪಕ್ಕದ ಡೇಟಾ ಸೇರಿಸಿಲ್ಲ. ಹೆಸರು ಹೊಂದಿತು, ಡೇಟಾ ಕೇಳಿದರೆ ನಲ್ ಬಂತು.

ನಲ್ ಚೆಕ್ (ಪಾಯಿಂಟರ್ ಸೊನ್ನೆಯಾ ಅಂತ ನೋಡುವ ಸಾಲು) ಒಂದೇ ಹಾಕಿದರೆ ಬೂಟ್ ಆಗುತ್ತದೆ, ಸೆನ್ಸರ್ ಮಾತ್ರ ಏಳುವುದಿಲ್ಲ. ಅದನ್ನು ನಾನು ರಿಪೇರಿ ಅನ್ನುವುದಿಲ್ಲ. ಡ್ರೈವರ್‌ಗೆ ನಾನು ಬರೆದ ಪ್ಯಾಚ್‌ನಲ್ಲಿ (ತಿದ್ದುಪಡಿಯಲ್ಲಿ) ಡೇಟಾವನ್ನೂ ಚೆಕ್ಕನ್ನೂ ಹಾಕಿದ್ದೇನೆ. ಕ್ರ್ಯಾಶ್‌ನ ಆ ಮೊದಲ ಸಾಲುಗಳನ್ನು ವಿವರಣೆಯಲ್ಲಿ ಹಾಗೇ ಅಂಟಿಸಿದ್ದೇನೆ, ಇದೇ ಕಪ್ಪು ಪರದೆ ಕಂಡವರು ಹುಡುಕುವಾಗ ಸಿಗಲಿ ಅಂತ.