ಐದು ಗ್ರೂಪ್ ಸಾಕು, ಒಂದು ಹೋಬಳಿಗೆ

ನಮಸ್ಕಾರ. ‘ನಾನೇನೂ ಬರೆಯಲಿಲ್ಲ, ಬಂದದ್ದನ್ನು ಕಳುಹಿಸಿದೆ ಅಷ್ಟೇ.’ ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಮೊಬೈಲಿನಿಂದ ಒಬ್ಬರ ಮಾನ ಹೋದಾಗಲೆಲ್ಲ ಈ ಮಾತು ಕೇಳಿಸುತ್ತದೆ. ಇವತ್ತು ನಾನು ಮಾತನಾಡುವುದು ಹೀಗೆ ಹೇಳುವವರೊಂದಿಗೆ.

ಅಡಿಕೆ ಕೊಯ್ಲಿನ ಕಾಲವನ್ನೇ ತೆಗೆದುಕೊಳ್ಳಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬೇಯಿಸಿದ ಅಡಿಕೆ ಅಂಗಳದ ತುಂಬ ಒಣಗುತ್ತಿರುತ್ತದೆ. ಇಡೀ ವರ್ಷದ ದುಡಿಮೆ ಅದು. ಒಂದು ಚೀಲ ಹೋದರೂ ಹೊಟ್ಟೆ ಉರಿಯುತ್ತದೆ, ಒಪ್ಪುತ್ತೇನೆ. ಅಷ್ಟರಲ್ಲಿ ಹೊರಗಿನಿಂದ ಬಂದ ಕೂಲಿಯವನೊಬ್ಬನ ಫೋಟೋ ಊರಿನ ವಾಟ್ಸ್‌ಆಪ್ ಗ್ರೂಪಿಗೆ ಬೀಳುತ್ತದೆ: ‘ಅಡಿಕೆ ಕಳ್ಳ, ಕಂಡರೆ ಹಿಡಿಯಿರಿ.’ ಅವನು ಕದ್ದದ್ದನ್ನು ಕಂಡವರಿದ್ದಾರೆಯೇ? ಠಾಣೆಯಲ್ಲಿ ದೂರು ಆಗಿದೆಯೇ? ಯಾರೂ ಕೇಳುವುದಿಲ್ಲ. ಮಧ್ಯಾಹ್ನದೊಳಗೆ ಅದು ಸೊಸೈಟಿಯವರ ಗ್ರೂಪಿಗೆ, ಹಳೆಯ ವಿದ್ಯಾರ್ಥಿಗಳ ಗ್ರೂಪಿಗೆ, ತಾಲ್ಲೂಕಿನ ಸುದ್ದಿ ಗ್ರೂಪಿಗೆ ಹೋಗಿರುತ್ತದೆ. ಮರುದಿನ ಅವನಿಗೆ ಯಾವ ತೋಟದಲ್ಲೂ ಕೆಲಸವಿಲ್ಲ. ಅವನ ವಿಚಾರಣೆ ನಡೆದ ಆ ಗ್ರೂಪುಗಳಲ್ಲಿ ಅವನು ಸದಸ್ಯನೇ ಅಲ್ಲ. ಎಲ್ಲಿ ನಿಂತು ‘ನಾನಲ್ಲ’ ಎನ್ನಬೇಕು?

ಇದು ಎಲ್ಲಿಯವರೆಗೆ ಹೋಗುತ್ತದೆ ಎಂಬುದನ್ನು ನಮ್ಮ ರಾಜ್ಯವೇ ಕಂಡಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಕೆಲವು ಗೆಳೆಯರನ್ನು ಮಕ್ಕಳ ಕಳ್ಳರೆಂದು ಜನ ಶಂಕಿಸಿದರು. ಅವರು ಹೆದರಿ ಕಾರು ಓಡಿಸಿದರು. ಕಾರಿಗಿಂತ ಮೊದಲೇ ಸಂದೇಶ ಮುರ್ಕಿ ಗ್ರಾಮವನ್ನು ಮುಟ್ಟಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿದ್ದರು. ಹೈದರಾಬಾದಿನ ಯುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಜನರ ಹೊಡೆತಕ್ಕೆ ಸತ್ತರು.

ಅದೇ ತಿಂಗಳು ವಾಟ್ಸ್‌ಆಪ್, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ಫಾರ್ವರ್ಡ್ ಮಾಡಬಹುದು ಎಂಬ ಮಿತಿ ಹಾಕಿತು. ಆಮೇಲೆ, ಫಾರ್ವರ್ಡ್ ಆಗಿ ಬಂದದ್ದನ್ನು ಒಮ್ಮೆಗೆ ಒಂದೇ ಗ್ರೂಪಿಗೆ ಎಂದು ಇನ್ನಷ್ಟು ಬಿಗಿ ಮಾಡಿತು. ಬೆಂಗಳೂರಿಗೆ ಅದು ತಡೆಯಾದೀತು. ಈಗ ಒಂದು ಗ್ರೂಪಿನಲ್ಲಿ 1,024 ಜನರಿಗೆ ಜಾಗವಿದೆ. ಒಂದೊಂದಾಗಿ ಕಳುಹಿಸಿದರೂ, ಐದು ಗ್ರೂಪ್ ತುಂಬಿದ್ದರೆ ಐದು ಸಾವಿರ ದಾಟಿತು. ಮಲೆನಾಡಿನ ಒಂದು ಸಣ್ಣ ಹೋಬಳಿಯ ಮನೆಮನೆಗೂ ಮುಟ್ಟಿತೆಂದೇ ಲೆಕ್ಕ.

ಮಹಾನಗರದಲ್ಲಿ ಮನೆ ಬದಲಿಸಿ ಬದುಕಬಹುದು. ಇಲ್ಲಿ ಬಸ್ಸಿನ ಕಂಡಕ್ಟರ್‌ಗೂ ನಿಮ್ಮ ಮನೆ ಗೊತ್ತು, ಅಂಗಡಿಯವರಿಗೆ ನಿಮ್ಮ ಅಜ್ಜನ ಹೆಸರೂ ಗೊತ್ತು. ಹುಡುಗಿಯೊಬ್ಬಳ ವಿಡಿಯೊ ಹರಿದಾಡಿದರೆ ಅವಳ ಕಾಲೇಜು ನಿಲ್ಲುತ್ತದೆ, ತಂಗಿಗೆ ಕೂಡಿಬಂದ ಸಂಬಂಧ ಮುರಿಯುತ್ತದೆ, ತಾಯಿ ಮದುವೆಮನೆಗಳಿಗೆ ಹೋಗುವುದನ್ನೇ ಬಿಡುತ್ತಾಳೆ. ವಿಡಿಯೊ ಕಳುಹಿಸಿದವರು ಅದೇ ಮದುವೆಯ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿರುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲಿ.

ಲಂಚ ಕೇಳುವ ಅಧಿಕಾರಿಯ ವಿಡಿಯೊ ಹೊರಬರಲಿ, ಬೇಡವೆನ್ನುವುದಿಲ್ಲ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಹೆಣ್ಣುಮಗಳೊಬ್ಬಳಿಗೆ ಮೊಬೈಲ್ ಒಂದೇ ದಾರಿಯಾಗಬಹುದು. ಅಲ್ಲಿ ಎದುರಿಗಿರುವವನಿಗೆ ಅಧಿಕಾರವಿದೆ, ವಕೀಲರಿದ್ದಾರೆ. ಕೂಲಿಯವನಿಗೆ ಏನಿದೆ?

ಇನ್ನು ‘ಕಳುಹಿಸಿದೆ ಅಷ್ಟೇ’ ಎಂಬ ವಾದ. ತಮಿಳುನಾಡಿನ ಮಾಜಿ ಶಾಸಕರೊಬ್ಬರು ಪತ್ರಕರ್ತೆಯರನ್ನು ಹೀನಾಯವಾಗಿ ನಿಂದಿಸಿದ ಬರಹವನ್ನು ಫೇಸ್‌ಬುಕ್‌ನಲ್ಲಿ ಹಂಚಿ, ಓದದೆ ಫಾರ್ವರ್ಡ್ ಮಾಡಿದೆ ಎಂದಿದ್ದರು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಒಪ್ಪಲಿಲ್ಲ. ಪ್ರಕರಣ ರದ್ದು ಮಾಡಲು ಸುಪ್ರೀಂ ಕೋರ್ಟ್ ಕೂಡ ನಿರಾಕರಿಸಿತು.

ಗ್ರೂಪ್ ಅಡ್ಮಿನ್‌ಗಳೇ, ಯಾರು ಹಾಕಿದ ಸಂದೇಶವನ್ನಾದರೂ ಎಲ್ಲರಿಗೂ ಕಾಣದಂತೆ ಅಳಿಸುವ ಅವಕಾಶ ನಿಮಗಿದೆ. ಪೊಲೀಸರು ಹೊರಡಿಸದ ‘ಕಳ್ಳ’ನ ಫೋಟೋ ಕಂಡರೆ ಅಳಿಸಿ. ನಿಜವಾಗಿ ಅನುಮಾನವಿದ್ದವರು 112ಕ್ಕೆ ಕರೆ ಮಾಡಲಿ. ಈಗಾಗಲೇ ಕಳುಹಿಸಿದ್ದೀರಾ? ಸುಳ್ಳೆಂದು ತಿಳಿದ ದಿನವೇ ಅದೇ ಐದು ಗ್ರೂಪುಗಳಲ್ಲಿ, ನಿಮ್ಮ ಹೆಸರು ಹಾಕಿ, ‘ನಾನು ಕಳುಹಿಸಿದ್ದು ಸುಳ್ಳು, ಆ ಮನುಷ್ಯ ಕಳ್ಳನಲ್ಲ’ ಎಂದು ಬರೆಯಿರಿ.