ಏಪ್ರಿಲ್‌ನಲ್ಲಿ ಏನು ಬಿತ್ತೋದು? ಬಿಳಿ ಮೂಲಂಗಿ ಅಂತೂ ಬೇಡ

ವಿಡಿಯೋ ತೆಗೆಯೋವಾಗ ಗಾಳಿ ಸದ್ದು ಜಾಸ್ತಿ ಇತ್ತು, ಅದಕ್ಕೇ ಮಾತು ಆಮೇಲೆ ಸೇರಿಸ್ತಾ ಇದೀನಿ. ಅಮೆರಿಕದ ಮಿನಿಯಾಪೊಲಿಸ್, ಏಪ್ರಿಲ್ ಮಧ್ಯ. ಆ ಮೂಲೇಲಿ ಬೆಳ್ಳಗೆ ಕಾಣ್ತಿರೋದು ಹಿಮಾನೇ. ಇರ್ಲಿ ಬಿಡಿ, ನಾವು ನೋಡ್ಬೇಕಾಗಿರೋದು ಮಡಿಯ ಮಣ್ಣು.

ಥರ್ಮಾಮೀಟರ್ ಹೀಗೆ ಎರಡಿಂಚು ಒಳಗೆ ಚುಚ್ಚಿ. ಬೆಳಗ್ಗೆ ಹೊತ್ತೇ ನೋಡ್ಬೇಕು, ಮಧ್ಯಾಹ್ನದ ಬಿಸಿಲಲ್ಲಿ ನೋಡಿದ್ರೆ ಮೋಸ ಹೋಗ್ತೀರ. 43 ತೋರಿಸ್ತಿದೆ, ಫ್ಯಾರನ್‌ಹೀಟು. ಊರಿನ ಲೆಕ್ಕದಲ್ಲಿ 6 ಡಿಗ್ರಿ. ಬಟಾಣಿ, ಪಾಲಕ್, ಲೆಟಿಸ್ ಮೂರೂ 40 ದಾಟಿದ್ರೆ ಮೊಳೀತವೆ. ಆದ್ರೆ ಎಷ್ಟು ದಿನಕ್ಕೆ? 40ರ ಆಸುಪಾಸಲ್ಲಿ ಬಟಾಣಿಗೆ ಒಂದು ತಿಂಗಳ ಮೇಲೇ ಬೇಕು, 50ಕ್ಕೆ ಬಂದ್ರೆ ಎರಡೇ ವಾರ. ಅಷ್ಟು ದಿನ ತಣ್ಣನೆ ಒದ್ದೆ ಮಣ್ಣಲ್ಲಿ ಕೂತ ಬೀಜ ಕೊಳೆಯುತ್ತೆ. ಹಾಗಾಗಿ ಬಟಾಣಿ ಇವತ್ತು ಬೇಡ. ಅಥವಾ ಒಂದು ಸಾಲು ಹಾಕೋಣ, ಆ ಎತ್ತರದ ಮಡೀಲಿ ನೀರು ನಿಲ್ಲಲ್ಲ. ಒಂದಿಂಚು ಆಳ, ಎರಡಿಂಚಿಗೊಂದು. ಪಾಲಕ್‌ಗೆ ಈ ಚಳಿ ಲೆಕ್ಕಕ್ಕೇ ಇಲ್ಲ.

ಒಂದು ಹಿಡಿ ಮಣ್ಣು ಅಮುಕಿ, ಬೆರಳಲ್ಲಿ ತಟ್ಟಿ. ಉದುರಿದ್ರೆ ಸರಿ. ಮುದ್ದೆ ಥರ ಹಾಗೇ ಕೂತ್ರೆ ಇನ್ನೆರಡು ದಿನ ಬಿಡಿ. ಒದ್ದೇಲಿ ಅಗೆದ್ರೆ ಹೆಂಟೆ ಒಣಗಿ ಇಟ್ಟಿಗೆ ಆಗುತ್ತೆ.

ಈಗ ಮೂಲಂಗಿ. ಇಂಡಿಯನ್ ಅಂಗಡೀಲಿ ಉದ್ದನೆ ಬಿಳಿ ಮೂಲಂಗಿ ಬೀಜ ಏಪ್ರಿಲ್‌ನಲ್ಲೇ ಕೌಂಟರ್ ಮುಂದೆ ನೇತಾಕಿರ್ತಾರೆ. ಹುಳಿ ನೆನಪಾಗುತ್ತೆ, ಕೈ ತಾನಾಗೇ ಹೋಗುತ್ತೆ. ಈ ಕ್ಲಿಪ್ ನೋಡಿ, ಜೂನ್‌ದು. ಎಲೆ ಸೊಂಪಾಗಿದೆ, ನಡುವಿಂದ ಸೊಂಟದೆತ್ತರ ದಂಟು ಎದ್ದು ತುದೀಲಿ ಹೂ. ಕಿತ್ತರೆ ಪೆನ್ಸಿಲ್ ದಪ್ಪದ ಬೇರು. ಚಾಕು ಕೇಳಿಸ್ತಾ? ಕರಕರ ಅನ್ನುತ್ತೆ, ಬರೀ ನಾರು. ಇದು ಗೊಬ್ಬರದ ತಪ್ಪಲ್ಲ, ನೀರಿನ ತಪ್ಪೂ ಅಲ್ಲ. ಎಳೆ ಸಸಿಗೆ ಚಳಿ ತಾಗಿ ಆಮೇಲೆ ಹಗಲು ಉದ್ದ ಆದ್ರೆ ಮೂಲಂಗಿ ಗಡ್ಡೆ ಬಿಟ್ಟು ಹೂವಿಗೆ ಹೋಗುತ್ತೆ. ಬೆಂಗಳೂರಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟಲ್ಲ. ಇಲ್ಲಿ ಜೂನ್‌ನಲ್ಲಿ 15 ಗಂಟೆ ದಾಟುತ್ತೆ. ಪ್ಯಾಕೆಟ್ ಎಸೀಬೇಡಿ, ಆಗಸ್ಟ್ ಮೊದಲ ವಾರಕ್ಕೆ ಎತ್ತಿಡಿ. ಆಗ ಹಗಲು ಕುಗ್ತಾ ತಂಪಾಗ್ತಾ ಹೋಗುತ್ತೆ, ಗಡ್ಡೆ ನೆಟ್ಟಗೆ ಇಳಿಯುತ್ತೆ. ಈಗ ಹಾಕೋದು ಗುಂಡು ಕೆಂಪು ಮೂಲಂಗಿ: ಅರ್ಧ ಇಂಚು ಆಳ, ಎರಡಿಂಚಿಗೊಂದು, 25ರಿಂದ 30 ದಿನ. ಹುಳಿಗೂ ಆಗುತ್ತೆ. ಸರಿ, ಅಷ್ಟೇನೂ ಚೆನ್ನಾಗಾಗಲ್ಲ. ಸೊಪ್ಪಿನ ಪಲ್ಯ ಮಾತ್ರ ಬಿಡಬೇಡಿ.

ಅವರೆಕಾಯಿಗೆ ಇದೇ ಆಟ ಉಲ್ಟಾ. ನಾಟಿ ಅವರೆ ಹಗಲು ಕುಗ್ಗಿದ್ರೇನೇ ಹೂ ಬಿಡೋದು. ಇಲ್ಲಿ ಬಳ್ಳಿ ಬೇಲಿ ತುಂಬಾ ಹಬ್ಬಿ, ಹೂ ಕಾಣಿಸೋ ಹೊತ್ತಿಗೆ ಅಕ್ಟೋಬರ್ ಚಳಿ ಹೊಡೆದು ಕರೀಗಾಗುತ್ತೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿ ಹಗಲಿನ ಲೆಕ್ಕ ನೋಡಲ್ಲ. ಆದ್ರೂ ಅದಕ್ಕೆ ಬೆಚ್ಚನೆ ಮಣ್ಣು ಬೇಕು, ಮೇ ಕೊನೆವರೆಗೂ ಡಬ್ಬೀಲೇ ಇರ್ಲಿ. ಬೆಂಡೆ, ಬದನೆ, ಟೊಮೇಟೊನೂ ಅಷ್ಟೇ. ಅಂಗಡಿ ಮುಂದೆ ಟೊಮೇಟೊ ಸಸಿ ಬಂದಿವೆ ಅಂತ ತರಬೇಡಿ, ಒಂದೇ ರಾತ್ರೀಲಿ ಸಾಯ್ತವೆ.

ಅಯ್ಯೋ, ಶಾಟ್ ಮುಗೀತಾ ಬಂತು. ಕೊತ್ತಂಬರಿ ಬೀಜ ಲಟ್ಟಣಿಗೇಲಿ ಮೆಲ್ಲಗೆ ಉರುಳಿಸಿ ಎರಡು ಹೋಳು ಮಾಡಿ, ಪುಡಿ ಮಾಡ್ಬೇಡಿ. ಎರಡು ವಾರಕ್ಕೊಂದು ಸಾಲು ಹಾಕಿ, ಸೆಕೆ ಶುರುವಾದ್ರೆ ಇದೂ ದಂಟೆದ್ದು ಹೂ ಬಿಡುತ್ತೆ. ಮೆಂತ್ಯಕ್ಕೆ ಮಣ್ಣು 50 ಆಗ್ಲಿ, ಅಡುಗೆಮನೆ ಮೆಂತ್ಯಾನೇ ಸಾಕು, ದುಡ್ಡು ಕೊಟ್ಟು ಪ್ಯಾಕೆಟ್ ತರೋದು ದಂಡ.

ಕೊನೇಗೆ ಮಡಿ ಸುತ್ತಿನ ಆ ಬಲೆ. ಬಟಾಣಿ ಮೊಳಕೆ ಅಂದ್ರೆ ಮೊಲಕ್ಕೆ ಹಬ್ಬ. ಎರಡಡಿ ಎತ್ತರ ಇರ್ಲಿ, ಕೆಳಗಿನ ಅಂಚನ್ನ ಹೊರಕ್ಕೆ ಮಡಚಿ ಕಲ್ಲು ಹೇರಿ. ಅಲ್ಲಿ, ಎಡಗಡೆ ಒಂದು ಕಲ್ಲು ಕಮ್ಮಿ ಇದೆ, ಇಟ್ಟು ಬರ್ತೀನಿ.