ಓಪನ್ ಇಲೆಕ್ಟಿವ್ ಸುಮ್ನೆ ತುಂಬುವ ಕಾಲಂ ಅಲ್ಲ

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಮುಂಬಯಿ, ಪುಣೆ, ಗೋವಾದಲ್ಲಿರುವ ನಮ್ಮ ಕನ್ನಡದ ಅಪ್ಪ-ಅಮ್ಮಂದಿರಿಗೆ. ಹನ್ನೆರಡನೇ ಕ್ಲಾಸು ಮುಗಿಸಿ ಡಿಗ್ರಿಗೆ ಸೇರುತ್ತಿರುವ ಮಕ್ಕಳೂ ಪಕ್ಕದಲ್ಲಿ ಕೂತು ಕೇಳಲಿ.

ನಿಮ್ಮ ಮಗಳು ಎಫ್‌ವೈಬಿಎಸ್ಸಿಗೆ, ಅಂದರೆ ಬಿಎಸ್ಸಿಯ ಮೊದಲ ವರ್ಷಕ್ಕೆ, ಸೇರಿದ್ದಾಳೆ ಅಂದುಕೊಳ್ಳಿ. ಮೇಜರ್, ಅಂದರೆ ಮುಖ್ಯ ವಿಷಯ, ಕೆಮಿಸ್ಟ್ರಿ. ಅದನ್ನು ಆರಿಸುವ ಮುಂಚೆ ಮನೆಯಲ್ಲಿ ವಾರಗಟ್ಟಲೆ ಚರ್ಚೆ ಆಗಿರುತ್ತದೆ. ಊರಿನ ಮಾವನಿಗೆ ಫೋನ್ ಹೋಗಿರುತ್ತದೆ. ಅದೇ ಫಾರ್ಮಿನಲ್ಲಿ ಕೆಳಗೆ ಇನ್ನೊಂದು ಕಾಲಂ ಇರುತ್ತದೆ, ಓಪನ್ ಇಲೆಕ್ಟಿವ್ ಅಂತ. ಸೈನ್ಸಿನವರು ಅಲ್ಲಿ ಬೇರೆ ವಿಭಾಗದ ಒಂದು ವಿಷಯ ತೆಗೆದುಕೊಳ್ಳಬೇಕು. ಅವಳು ಸೀನಿಯರಿಗೆ ಒಂದು ಮೆಸೇಜ್ ಹಾಕುತ್ತಾಳೆ: ‘ಯಾವುದು ಸ್ಕೋರಿಂಗ್?’ ಉತ್ತರ ಬಂದ ಕೂಡಲೇ ಟಿಕ್ ಮಾಡಿ ಮುಗಿಸುತ್ತಾಳೆ. ಅದೇನು ವಿಷಯ, ಯಾಕೆ ತಗೊಂಡೆ ಅಂತ ಮನೆಯಲ್ಲಿ ಒಬ್ಬರೂ ಕೇಳುವುದಿಲ್ಲ.

ನನಗೆ ತುಂಬಾ ಬೇಜಾರಾಗುವುದು ಇಲ್ಲೇ. ಯಾಕೆಂದರೆ ಮುಖ್ಯ ವಿಷಯದ ಜೊತೆಗೆ ಬೇರೆಯದನ್ನೂ ಓದುವ ಇದೇ ಅವಕಾಶಕ್ಕೆ ಇನ್ನೊಂದು ಕಡೆ ಜನ ಲಕ್ಷಗಟ್ಟಲೆ ಫೀಸು ಕಟ್ಟುತ್ತಿದ್ದಾರೆ. ಪುಣೆಯಲ್ಲೇ ನೋಡಿ. ಲವಳೆಯಲ್ಲಿ ಫ್ಲೇಮ್ ಯೂನಿವರ್ಸಿಟಿ ಇದೆ. ಸಿಂಬಯೋಸಿಸ್‌ನವರು 2011ರಲ್ಲೇ ಲಿಬರಲ್ ಆರ್ಟ್ಸ್‌ಗೆ ಅಂತಲೇ ಬೇರೆ ಕಾಲೇಜು ಶುರು ಮಾಡಿದರು. ಅಲ್ಲೆಲ್ಲ ಓದುವ ಕ್ರಮವೇ ಬೇರೆ. ಮೊದಲು ಸಾಹಿತ್ಯ, ಗಣಿತ, ವಿಜ್ಞಾನ, ಸಮಾಜ ಎಲ್ಲದರ ಪರಿಚಯ. ಆಮೇಲೆ ಒಂದು ಮೇಜರ್, ಜೊತೆಗೆ ಓದುವ ಎರಡನೇ ವಿಷಯವಾಗಿ ಒಂದು ಮೈನರ್. ಎಕನಾಮಿಕ್ಸ್ ಓದುವ ಹುಡುಗ ಜೊತೆಗೆ ಫಿಲಾಸಫಿ ಓದಬಹುದು. ಕ್ಲಾಸಿನಲ್ಲಿ ನೋಟ್ಸ್ ಬರೆದುಕೊಳ್ಳುವುದಕ್ಕಿಂತ ಮಾತಾಡುವುದು, ವಾದ ಮಾಡುವುದು, ಓದಿದ್ದರ ಮೇಲೆ ಪ್ರಬಂಧ ಬರೆಯುವುದು ಜಾಸ್ತಿ. ಕೈಯಲ್ಲಿ ಶಕ್ತಿ ಇದ್ದವರು ಅಲ್ಲಿ ಖಂಡಿತ ಓದಿಸಲಿ. ಆದರೆ ಡೊಂಬಿವಲಿಯಿಂದ ಲೋಕಲ್ ಹಿಡಿದು ಸಾಧಾರಣ ಕಾಲೇಜಿಗೆ ಬರುವ ಮಗುವಿಗೂ ಇದು ಸಿಗಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಈಗ ಸ್ವಲ್ಪ ಮಟ್ಟಿಗೆ ಸಿಗುತ್ತಲೂ ಇದೆ. 2020ರ ಹೊಸ ಶಿಕ್ಷಣ ನೀತಿ ಬಂತಲ್ಲ, ಮುಂಬಯಿ ವಿಶ್ವವಿದ್ಯಾಲಯದ ಕೆಳಗಿರುವ ಕಾಲೇಜುಗಳಲ್ಲಿ ಅದು 2024–25ರಿಂದ ಜಾರಿಯಾಗಿದೆ. ಮೇಜರ್, ಮೈನರ್, ಓಪನ್ ಇಲೆಕ್ಟಿವ್, ಎಲ್ಲಕ್ಕೂ ಕ್ರೆಡಿಟ್, ಅಂದರೆ ಓದಿದ ಗಂಟೆಗಳ ಲೆಕ್ಕ. ಮೂರು ವರ್ಷಕ್ಕೆ ಡಿಗ್ರಿ, ನಾಲ್ಕು ವರ್ಷ ಓದಿದರೆ ಆನರ್ಸ್. ಬಾಗಿಲು ತೆರೆದಿದೆ, ನಾವು ಒಳಗೆ ಕಾಲಿಡುತ್ತಿಲ್ಲ.

‘ಕೆಮಿಸ್ಟ್ರಿ ಓದುವವಳಿಗೆ ಇತಿಹಾಸ ಯಾಕೆ?’ ಅಂತ ಕೇಳುತ್ತೀರಿ. ನಾನು ಗಣಿತಜ್ಞರೂ ಇತಿಹಾಸಕಾರರೂ ಆಗಿದ್ದ ಡಿ.ಡಿ. ಕೊಸಾಂಬಿಯವರ ಹೆಸರು ಹೇಳುತ್ತೇನೆ. 1907ರಲ್ಲಿ ಗೋವಾದಲ್ಲಿ ಹುಟ್ಟಿದವರು. ಅಮೆರಿಕದ ಹಾರ್ವರ್ಡ್‌ನಲ್ಲಿ ಓದುವಾಗ ಗಣಿತದ ಜೊತೆಗೆ ಕೈಗೆ ಸಿಕ್ಕ ಭಾಷೆಗಳನ್ನೆಲ್ಲ ಕಲಿತರು. 1929ರಲ್ಲಿ ಡಿಗ್ರಿ ಪಡೆದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತದ ಮೇಷ್ಟರಾಗಿದ್ದರು. 1945ರಿಂದ ಮುಂಬಯಿಯ ಟಾಟಾ ಇನ್‌ಸ್ಟಿಟ್ಯೂಟ್ ಆಫ್ ಫಂಡಮೆಂಟಲ್ ರಿಸರ್ಚ್‌ನಲ್ಲಿ ಕೆಲಸ. ಮನೆ ಪುಣೆಯಲ್ಲಿ, ಓಡಾಟ ಡೆಕ್ಕನ್ ಕ್ವೀನ್ ರೈಲಿನಲ್ಲಿ.

ಇವರು ಮಾಡಿದ ಒಂದು ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ದೇಶದ ತುಂಬಾ ಹಳೆಯ ಬೆಳ್ಳಿ ನಾಣ್ಯಗಳಿವೆ. ಅವುಗಳ ಮೇಲೆ ರಾಜನ ಹೆಸರಿಲ್ಲ, ಇಸವಿ ಇಲ್ಲ. ಸೂರ್ಯ, ಪ್ರಾಣಿ, ಬೆಟ್ಟ ಅಂಥ ಮುದ್ರೆಗಳು ಮಾತ್ರ. ಯಾವುದು ಮೊದಲಿನದು, ಯಾವುದು ಆಮೇಲಿನದು ಅಂತ ಹೇಗೆ ಹೇಳುವುದು? ಕೊಸಾಂಬಿ ತಕ್ಕಡಿ ಹಿಡಿದರು. ನಾಣ್ಯ ಕೈಯಿಂದ ಕೈಗೆ ಹೋದಷ್ಟೂ ಸವೆಯುತ್ತದೆ. ಒಂದು ನಾಣ್ಯ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಂದೇ ಥರದ ನಾಣ್ಯಗಳನ್ನು ರಾಶಿ ಹಾಕಿ ತೂಗಿದರೆ ಗೊತ್ತಾಗುತ್ತದೆ. ಜಾಸ್ತಿ ಕಾಲ ಚಲಾವಣೆಯಲ್ಲಿದ್ದವುಗಳ ಸರಾಸರಿ ತೂಕ ಕಡಿಮೆ. ಅಷ್ಟೇ ಅಲ್ಲ, ಒಂದರ ತೂಕಕ್ಕೂ ಇನ್ನೊಂದರ ತೂಕಕ್ಕೂ ವ್ಯತ್ಯಾಸವೂ ಜಾಸ್ತಿ. ಈ ಲೆಕ್ಕ ಸರಿಯೋ ಅಲ್ಲವೋ ಅಂತ ಪರೀಕ್ಷಿಸುವುದಕ್ಕೆ ತಮ್ಮ ಕಾಲದ ನಾಣ್ಯಗಳನ್ನೇ ತೂಗಿದರು. ಅವುಗಳ ಮೇಲೆ ಇಸವಿ ಇತ್ತಲ್ಲ! ಆಮೇಲೆ ತಕ್ಷಶಿಲೆಯಲ್ಲಿ ಸಿಕ್ಕ ನಾಣ್ಯಗಳಿಗೆ ಅದೇ ಲೆಕ್ಕ ಹಾಕಿದರು. ಈ ಬುದ್ಧಿ ಅವರಿಗೆ ಹೊಳೆದದ್ದು ಸ್ಟ್ಯಾಟಿಸ್ಟಿಕ್ಸ್ ಗೊತ್ತಿದ್ದಿದ್ದರಿಂದ. ಆ ನಾಣ್ಯಗಳ ತಂಟೆಗೆ ಹೋದದ್ದು ಇತಿಹಾಸದ ಹುಚ್ಚು ಇದ್ದಿದ್ದರಿಂದ. ಇದೇ ಮನುಷ್ಯ 1944ರಲ್ಲಿ ತಳಿವಿಜ್ಞಾನಕ್ಕೆ ಕೊಟ್ಟ ಸೂತ್ರ ಇವತ್ತಿಗೂ ಕೊಸಾಂಬಿ ಅನ್ನುವ ಹೆಸರಿನಲ್ಲೇ ಬಳಕೆಯಲ್ಲಿದೆ.

ಹಾಗಂತ ಎಲ್ಲ ಮಕ್ಕಳೂ ಕೊಸಾಂಬಿ ಆಗುತ್ತಾರೆ ಅಂತಲ್ಲ. ಇನ್ನೂ ಒಂದು ಎಚ್ಚರ ಬೇಕು. ಅವರ ಗಣಿತ ಗಟ್ಟಿಯಿತ್ತು. ಹತ್ತು ವಿಷಯ ಮೂಸಿ ನೋಡಿ ಒಂದರಲ್ಲೂ ಬೇರು ಬಿಡದಿದ್ದರೆ ಪ್ರಯೋಜನವಿಲ್ಲ. ಕೆಮಿಸ್ಟ್ರಿ ಮೇಜರ್ ಅಂದರೆ ಲ್ಯಾಬಿನಲ್ಲಿ ನಿಂತು ಕೆಲಸ ಮಾಡಲೇಬೇಕು. ಅದರಲ್ಲಿ ರಿಯಾಯಿತಿ ಇಲ್ಲ.

ಎರಡು ಕ್ರೆಡಿಟ್ಟಿನ ಒಂದು ಓಪನ್ ಇಲೆಕ್ಟಿವ್ ಅಂದರೆ ಸುಮಾರು 30 ಗಂಟೆಯ ಪಾಠ. ಅಷ್ಟರಲ್ಲಿ ಏನು ಕಲಿಯಬಹುದು? ಮುಂಬಯಿಯ ಇತಿಹಾಸವನ್ನೇ ತಗೊಳ್ಳಿ. ಬಟ್ಟೆ ಗಿರಣಿಗಳು ಲಾಲ್‌ಬಾಗ್, ಪರೇಲ್‌ ಸುತ್ತ ಹೇಗೆ ಬೆಳೆದವು, 1982ರ ಮುಷ್ಕರದಲ್ಲಿ ಏನಾಯಿತು, ಗಿರಣಿ ಇದ್ದ ಜಾಗದಲ್ಲಿ ಮಾಲ್ ಹೇಗೆ ಬಂತು. ಬಣ್ಣದ ಕೆಮಿಸ್ಟ್ರಿ ಓದುವ ಹುಡುಗಿಗೆ ಆ ಬಣ್ಣ ಹಾಕಿದ ಕೈಗಳ ಕಥೆ ಗೊತ್ತಾಗುತ್ತದೆ. ದಕ್ಷಿಣ ಕನ್ನಡದ ಹುಡುಗರು ಹಡಗು ಹತ್ತಿ ಇಲ್ಲಿಗೆ ಯಾಕೆ ಬಂದರು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ನೈಟ್ ಸ್ಕೂಲಿನಲ್ಲಿ ಹೇಗೆ ಓದಿದರು ಅನ್ನುವುದೂ ಇದೇ ಊರಿನ ಇತಿಹಾಸ. ಅವಳ ಅಜ್ಜನೂ ಅವರಲ್ಲಿ ಒಬ್ಬರಿರಬಹುದು. ಅದೇ ರೀತಿ ಆರ್ಟ್ಸ್ ಓದುವ ಹುಡುಗ ಸ್ಟ್ಯಾಟಿಸ್ಟಿಕ್ಸ್ ತಗೊಂಡರೆ ಪೇಪರಿನಲ್ಲಿ ಬರುವ ಸಮೀಕ್ಷೆಯನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಎಷ್ಟು ಜನರನ್ನು ಕೇಳಿದರು, ಯಾರನ್ನು ಬಿಟ್ಟರು ಅಂತ ಪ್ರಶ್ನೆ ಹಾಕುತ್ತಾನೆ.

ಕೆಲಸದ ಚಿಂತೆ ನನಗೂ ಅರ್ಥವಾಗುತ್ತದೆ. ಇಲ್ಲಿ ಬಾಡಿಗೆ ಕಟ್ಟಿ ಮಕ್ಕಳನ್ನು ಓದಿಸುವವರಿಗೆ ಅದು ಸಣ್ಣ ಚಿಂತೆಯಲ್ಲ. ಬರೀ ಲಿಬರಲ್ ಆರ್ಟ್ಸ್ ಡಿಗ್ರಿ ಹಿಡಿದು ಹೋದರೆ ಮೊದಲ ಸಂಬಳ ಕಡಿಮೆಯೇ ಇರಬಹುದು. ಎಷ್ಟೋ ಮಕ್ಕಳಿಗೆ ಮಾಸ್ಟರ್ಸ್ ಕೂಡ ಬೇಕಾಗುತ್ತದೆ. ಸಾಲ ಮಾಡಿ ದುಬಾರಿ ಕಾಲೇಜಿಗೆ ಕಳಿಸುವ ಮುಂಚೆ ಇದನ್ನು ಚೆನ್ನಾಗಿ ಯೋಚಿಸಿ. ಆದರೆ ಬಿಎಸ್ಸಿಯ ಒಳಗೇ ಇರುವ ಓಪನ್ ಇಲೆಕ್ಟಿವ್‌ಗೆ ಆ ಭಯ ಬೇಡ. ಹೇಗಿದ್ದರೂ ಆ ಕ್ರೆಡಿಟ್ ಪಡೆಯಲೇಬೇಕು, ಅಲ್ವಾ?

ಕಾಲೇಜುಗಳಿಗೂ ಒಂದು ಮಾತು. ಯಾವ ಮೇಷ್ಟರು ಖಾಲಿ ಇದ್ದಾರೋ ಅವರ ವಿಷಯವನ್ನೇ ಎಲ್ಲರಿಗೂ ಇಲೆಕ್ಟಿವ್ ಅಂತ ಕೊಡಬೇಡಿ. ಮಕ್ಕಳನ್ನೆಲ್ಲ ಒಂದೇ ಹಾಲ್‌ನಲ್ಲಿ ತುಂಬಿ, ಕೊನೆಗೆ ಬರೀ ಟಿಕ್ ಹಾಕುವ ಪರೀಕ್ಷೆ ಇಟ್ಟರೆ ಈ ಓದಿನ ಜೀವವೇ ಹೋಗುತ್ತದೆ. ಒಂದು ಪುಟವಾದರೂ ಸ್ವಂತ ಬರೆಸಿ. ಬರೆದದ್ದನ್ನು ಓದಿ, ತಿದ್ದಿ, ವಾಪಸ್ ಕೊಡಿ.

ಮಕ್ಕಳೇ, ಮುಂದಿನ ಸೆಮಿಸ್ಟರಿನ ಫಾರ್ಮ್ ಬಂದಾಗ ಟಿಕ್ ಮಾಡುವ ಮುಂಚೆ ಸಿಲಬಸ್ ತೆರೆದು ನೋಡಿ. ಯಾರು ಪಾಠ ಮಾಡುತ್ತಾರೆ ಅಂತ ವಿಚಾರಿಸಿ. ಸಾಧ್ಯವಾದರೆ ಅವರನ್ನೇ ಸ್ಟಾಫ್ ರೂಮಿನಲ್ಲಿ ಹೋಗಿ ಕಂಡು, ಏನೇನು ಓದಬೇಕು ಅಂತ ಕೇಳಿ. ಅಪ್ಪ-ಅಮ್ಮಂದಿರೇ, ಅವತ್ತು ಮನೆಯಲ್ಲಿ ಮೇಜರ್ ಬಗ್ಗೆ ಮಾತಾಡಿದ ಹಾಗೆ ಈ ಕಾಲಂ ಬಗ್ಗೆಯೂ ಕೂತು ಮಾತಾಡಿ. ಮಾವನಿಗೆ ಫೋನ್ ಮಾಡಬೇಕು ಅನ್ನಿಸಿದರೆ ಅದನ್ನೂ ಮಾಡಿ.